ಒಂಚೂರು ಬಾಜೂಕ ಸರಿ

ಹೈದರಾಬಾದಿನಲ್ಲಿ ನೀರಿಗೆ ಬರ ಬರಬಹುದು, ಸೀಮೆಎಣ್ಣೆಗೆ ಬರ ಬರಬಹುದು, ಕಾಗೆಗೆ ಬರ ಬಂದದ್ದನ್ನು ಕಂಡವರಿಲ್ಲ. ಆದರೆ ಆ ವೈಶಾಖದ ಮಧ್ಯಾಹ್ನ ತಾರ್ನಾಕದ ರಾಮದಾಸರಾಯರ ಹಿತ್ತಿಲಿಗೆ ಒಂದೇ ಒಂದು ಕಾಗೆ ಇಳಿಯಲೊಲ್ಲದು. ಕಾಗೆ ಇರಲಿಲ್ಲವೆಂದಲ್ಲ, ಪಕ್ಕದ ಮನೆಯ ಬೇವಿನ ಮರದ ತುಂಬ ಇದ್ದವು. ಕತ್ತು ಓರೆ ಮಾಡಿ, ನಲ್ಲಿಯ ಬಳಿ ನೆಲದ ಮೇಲಿಟ್ಟ ಬಾಳೆಲೆಯನ್ನು ನೋಡುತ್ತಿದ್ದವು, ಅದರ ಮೇಲಿನ ಅನ್ನ, ವಡೆ, ಪಾಯಸ ನೋಡುತ್ತಿದ್ದವು. ಆಮೇಲೆ ರಾಮದಾಸರಾಯರ ಮುಖ ನೋಡುತ್ತಿದ್ದವು. ನೋಡಿ ಅಲ್ಲೇ ಕೂತುಬಿಡುತ್ತಿದ್ದವು.

ಅವತ್ತು ರಾಯರ ತಾಯಿ ಕೃಷ್ಣಾಬಾಯಿಯ ಮೊದಲ ವರ್ಷದ ಶ್ರಾದ್ಧ. ಬ್ರಾಹ್ಮಣರ ಊಟ ಆಗಿತ್ತು, ಪಿಂಡಪ್ರದಾನ ಆಗಿತ್ತು. ಇನ್ನು ಕಾಗೆಗೆ ಇಟ್ಟ ಎಡೆಯನ್ನು ಕಾಗೆ ಮುಟ್ಟಬೇಕು, ಆಮೇಲೆ ಮನೆಯವರು ಉಣ್ಣಬೇಕು. ಕಾಗೆ ಮುಟ್ಟಿದರೆ ಹೋದವರಿಗೆ ತೃಪ್ತಿಯಾಯಿತೆಂದು ಅರ್ಥ. ಮುಟ್ಟದಿದ್ದರೆ ಅವರ ಮನಸ್ಸಿನಲ್ಲಿ ಏನೋ ಉಳಿದಿದೆಯೆಂದು ಅರ್ಥ. ಇದನ್ನೆಲ್ಲ ನೀವು ನಂಬುತ್ತೀರಾ ಎಂದು ಆಫೀಸಿನಲ್ಲಿ ಯಾರಾದರೂ ಕೇಳಿದ್ದರೆ ರಾಯರು ನಕ್ಕು ಮಾತು ತೇಲಿಸುತ್ತಿದ್ದರು. ಸನತ್‌ನಗರದ ಕಾರ್ಖಾನೆಯೊಂದರಲ್ಲಿ ಸ್ಟೋರ್ಸ್ ಆಫೀಸರು ಅವರು, ಕಣ್ಣಿಗೆ ಕಾಣದ್ದನ್ನು ದಾಖಲು ಮಾಡಿಕೊಂಡು ಗೊತ್ತಿಲ್ಲ. ಆದರೆ ಇವತ್ತು ಎಲೆಯ ಮುಂದೆ ಮಡಿಯುಟ್ಟು ನಿಂತಾಗ ಅವರಿಗೆ ನಗು ಬರಲಿಲ್ಲ. ಅವ್ವ ಹಸಿದು ಹೋಗಬಾರದು, ಅಷ್ಟೇ ಅವರ ತಲೆಯಲ್ಲಿದ್ದದ್ದು.

"ಕಾ... ಕಾ..." ಎಂದು ಅವರ ಅಕ್ಕ ಅಂಬುಬಾಯಿ ಕರೆದಳು. ಗುಲಬರ್ಗಾದಿಂದ ನಿನ್ನೆಯ ಬಸ್ಸಿಗೆ ಬಂದವಳು, ಬೆಳಗಿನಿಂದ ಬಾಯಿಗೆ ನೀರೂ ಹಾಕಿರಲಿಲ್ಲ. ದನಿ ಆಗಲೇ ಒಣಗಿತ್ತು. "ಯಾಕೋ ರಾಮೂ, ಇಲ್ಲಿ ಕಾಗೀಗೆ ಏನಾಗೇದ? ನಮ್ಮೂರಾಗ ಎಲಿ ಇಡೂದರಾಗ ಬಂದು ಮುಕರತಾವ."

ಏನಾಗಿದೆಯೆಂದು ರಾಮೂಗೆ ಚೆನ್ನಾಗಿ ಗೊತ್ತಿತ್ತು. ಹೇಳುವ ಧೈರ್ಯ ಮಾತ್ರ ಇರಲಿಲ್ಲ.

ರಾಯರಿಗೆ ಇದ್ದದ್ದು ಒಂದೇ ಹುಚ್ಚು, ಹಕ್ಕಿಯದು. ಕೆಲವರು ಇಸ್ಪೀಟು ಆಡುತ್ತಾರೆ, ಕೆಲವರು ಮಾವಿನ ಉಪ್ಪಿನಕಾಯಿಯ ಮೇಲೆ ಪ್ರಾಣ ಇಟ್ಟಿರುತ್ತಾರೆ. ಇವರು ಕೋಠಿಯ ಬಜಾರಿನಲ್ಲಿ ಸೆಕೆಂಡ್ ಹ್ಯಾಂಡ್ ರಷ್ಯನ್ ಕ್ಯಾಮೆರಾ ಒಂದನ್ನೂ ಮೊಳದುದ್ದದ ಲೆನ್ಸನ್ನೂ ಕೊಂಡು ತಂದ ದಿನದಿಂದ ಭಾನುವಾರ ಹಿತ್ತಿಲು ಬಿಟ್ಟು ಅಲುಗಿದವರಲ್ಲ. ಊರೆಲ್ಲ ಟಿ.ವಿ.ಯ ಮುಂದೆ ಕೂತು ಪೌರಾಣಿಕ ಧಾರಾವಾಹಿಗೆ ಕೈ ಮುಗಿಯುತ್ತಿದ್ದಾಗ ಇವರು ಸೋರುವ ನಲ್ಲಿಯ ಮುಂದೆ ಉಸಿರು ಬಿಗಿಹಿಡಿದು ಕೂತಿರುತ್ತಿದ್ದರು. ಆ ನಲ್ಲಿಯನ್ನು ರಿಪೇರಿ ಮಾಡಿಸಲು ಬಿಟ್ಟವರೂ ಅಲ್ಲ. ಬೇಸಿಗೆಯಲ್ಲಿ ಅದರಡಿಯ ಗುಂಡಿಯ ನೀರಿಗೆ ಪಿಕಳಾರ ಬರುತ್ತಿತ್ತು, ಸಿಂಪಿಗ ಬರುತ್ತಿತ್ತು, ಒಮ್ಮೆ ಯೂನಿವರ್ಸಿಟಿಯ ಕಾಡಿನಿಂದ ದಾರಿ ತಪ್ಪಿ ಬಾಲದಂಡೆ ಹಕ್ಕಿಯೂ ಬಂದಿತ್ತು. ಅದರ ಬಿಳಿಯ ಉದ್ದ ಬಾಲ ಫೋಟೋದಲ್ಲಿ ಅರ್ಧ ಮಾತ್ರ ಬಂದದ್ದಕ್ಕೆ ರಾಯರು ಎರಡು ದಿನ ಸರಿಯಾಗಿ ಉಂಡಿರಲಿಲ್ಲ. "ಬಾಲಕ್ಕ ಇಷ್ಟು ಸೂತಕಾ ಆದ್ರ ಹಕ್ಕಿಗೆ ಎಷ್ಟು?" ಎಂದು ಹೆಂಡತಿ ನೀಲಾ ಅಂದಿದ್ದಳು.

ಈ ಹುಚ್ಚಿಗೆ ಮನೆಯಲ್ಲಿ ಜೊತೆಯಾದವಳು ಅವ್ವ ಒಬ್ಬಳೇ.

ಹಕ್ಕಿಗಳಿಗೆ ಕಾಣದಂತೆ ಕೂಡಲು ಒಂದು ಮರೆ ಬೇಕು ಎಂದು ಮಗ ಅಂದಾಗ ತನ್ನ ಹಳೆಯ ಪಾಚಿಬಣ್ಣದ ಇಳಕಲ್ ಸೀರೆ ತೆಗೆದುಕೊಟ್ಟವಳು ಅವಳು. ಪೇರಲ ಗಿಡದ ಕೆಳಗೆ ನಾಲ್ಕು ಬಿದಿರು ಹುಗಿದು, ಸುತ್ತ ಆ ಸೀರೆ ಬಿಗಿದು, ಲೆನ್ಸಿನ ಮೂತಿಗೆ ಒಂದು ತೂತು ಬಿಟ್ಟು ತಾನೇ ಅಂಚು ಹೊಲಿದಿದ್ದಳು. ಆದರೂ ಹಕ್ಕಿಗಳು ಬರಲಿಲ್ಲ. ಒಳಗೆ ಹೋದವನು ಒಳಗೇ ಇದ್ದಾನೆಂದು ಅವಕ್ಕೆ ಗೊತ್ತಲ್ಲ! ಆಗ ರಾಯರಿಗೆ ಎಲ್ಲೋ ಓದಿದ್ದ ಉಪಾಯ ನೆನಪಿಗೆ ಬಂತು. ಹಕ್ಕಿಗೆ ಲೆಕ್ಕ ಬರುವುದಿಲ್ಲ. ಮರೆಗೆ ಇಬ್ಬರು ಹೋಗಬೇಕು, ಒಬ್ಬರು ಎಲ್ಲರಿಗೂ ಕಾಣುವ ಹಾಗೆ ವಾಪಸು ಬರಬೇಕು. ಬಂದವರು ಹೋದರು, ಇನ್ನು ಯಾರೂ ಇಲ್ಲ ಎಂದು ಹಕ್ಕಿ ತಿಳಿಯುತ್ತದೆ.

ಅಂದಿನಿಂದ ಪ್ರತಿ ಭಾನುವಾರ ಅವ್ವ ಮಗನ ಹಿಂದೆ ಮರೆಯವರೆಗೆ ನಡೆದು ಬರುವಳು. ಅವನು ಒಳಗೆ ಕೂತ ಮೇಲೆ ಸೀರೆಯ ಬಾಯಿ ಮುಚ್ಚಿ, ಗಟ್ಟಿಯಾಗಿ ಕೆಮ್ಮಿ, ದಾಸರ ಪದ ಒಂದನ್ನು ಗುಣುಗುಟ್ಟುತ್ತ ಮನೆಯ ಕಡೆ ಹೊರಟುಹೋಗುವಳು. ಹಕ್ಕಿಗಳು ನಿಜವಾಗಿಯೂ ಬಂದವು. "ನಾ ಹೋದರ ನಿನ್ನ ಹಕ್ಕಿ ಬರತಾವ ಅಂದ್ರ ದಿನಾ ಹೋಗತೀನಿ ತಗೋ" ಎಂದು ಅವಳು ನಗುತ್ತಿದ್ದಳು.

ಒಂದೇ ತೊಡಕಿತ್ತು. ಹೀಗೆ ಹೊರಟವಳು ಪೂರಾ ಒಳಗೆ ಹೋಗುತ್ತಿರಲಿಲ್ಲ. ನಲ್ಲಿಯ ಹಿಂದೆ ಬಟ್ಟೆ ಒಗೆಯುವ ಕಲ್ಲಿತ್ತು, ಅದರ ಮೇಲೆ ಕೂತುಬಿಡುವಳು. ಅದು ಅವಳ ಜಾಗ. ದಿನಾ ಮಧ್ಯಾಹ್ನ ಉಣ್ಣುವ ಮೊದಲು ಅಲ್ಲೇ ಕೂತು ಕಾಗೆಗೆ ತುಪ್ಪದನ್ನದ ತುತ್ತು ಇಡುವಳು, ಕಾಗೆ ಉಂಡ ಮೇಲೆಯೇ ಅವಳು ಉಣ್ಣುವಳು. ಆದರೆ ಕ್ಯಾಮೆರಾದಿಂದ ನೋಡಿದರೆ ಆ ಕಲ್ಲು ನಟ್ಟನಡುವೆ ಬರುತ್ತಿತ್ತು. ಹಕ್ಕಿಯ ಬೆನ್ನ ಹಿಂದೆ ಒಬ್ಬ ಮುದುಕಿ! ಫೋಟೋ ಕೆಡುವುದಿಲ್ಲವೇ? ರಾಯರು ತೂತಿನಿಂದಲೇ ಪಿಸುಗುಡುವರು: "ಅವ್ವಾ, ಒಂಚೂರು ಬಾಜೂಕ ಸರಿ." ಅವಳು ಸರಿಯುವಳು. "ಇನ್ನೂ ಒಂಚೂರು." ಇನ್ನೂ ಸರಿಯುವಳು. ಮುಂದಿನ ಭಾನುವಾರ ಮತ್ತೆ ಮರೆತು ಅಲ್ಲೇ ಕೂಡುವಳು. ಹೀಗೆ ಸರಿದು ಸರಿದು ಕಡೆಗೊಂದು ದಿನ ಅವಳು ಹಿತ್ತಿಲಿನಲ್ಲಿ ಕೂಡುವುದನ್ನೇ ಬಿಟ್ಟಳು. ಕಾಗೆಗೆ ಅನ್ನ ಇಡುವಷ್ಟು ಹೊತ್ತು ಬಂದು, ಇಟ್ಟು, ಅಡುಗೆಮನೆಯ ಹೊಸ್ತಿಲಿಗೆ ಹೋಗಿ ಕೂಡುವಳು. ರಾಯರ ಫೋಟೋಗಳು ಸುಧಾರಿಸಿದವು.

ಅದರ ಪೆಟ್ಟು ಗೊತ್ತಾದದ್ದು ಅವಳು ಹೋದ ಮೇಲೆ. ನಡುಮನೆಯ ಗೋಡೆಗೆ ಒಂದು ಫೋಟೋ ಬೇಕಲ್ಲ! ರಾಯರು ಆಲ್ಬಮ್ಮುಗಳನ್ನೆಲ್ಲ ಕೆಳಗೆ ಸುರಿದು ಹುಡುಕಿದರು. ಸೂರಕ್ಕಿ ಇತ್ತು, ಸೂರಕ್ಕಿಯ ಹೆಂಡತಿ ಇತ್ತು, ಮಡಿವಾಳ ಹಕ್ಕಿ ಬಾಲ ಎತ್ತಿದ್ದು, ಇಳಿಸಿದ್ದು, ಎರಡೂ ಇತ್ತು. ಹೆತ್ತ ತಾಯಿಯದು ಒಂದೂ ಇರಲಿಲ್ಲ. ಕಡೆಗೆ ಅಂಬುಬಾಯಿಯ ಮದುವೆಯ ಗುಂಪು ಫೋಟೋದಲ್ಲಿ ತೊಗರಿಬೇಳೆಯಷ್ಟು ಕಾಣುತ್ತಿದ್ದ ಅವ್ವನ ಮುಖವನ್ನು ಕೋಠಿಯ ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿದರು. ಮುಖ ಮಸುಕಾಗಿ ಬಂತು. ಸ್ಟುಡಿಯೋದವನು ಕಣ್ಣು, ಹುಬ್ಬು ತಾನೇ ಬರೆದು ಕೊಟ್ಟ. ಹಾರ ಹಾಕಿದ ಆ ಫೋಟೋದಿಂದ ಒಂದು ವರ್ಷ ಯಾರೋ ಬೇರೆಯವರ ತಾಯಿ ರಾಯರನ್ನು ನೋಡುತ್ತಿದ್ದಳು. ರಾಯರು ಆ ಗೋಡೆಯ ಕಡೆ ತಿರುಗುವುದನ್ನೇ ಕಡಿಮೆ ಮಾಡಿದ್ದರು.

ಇನ್ನು ಕಾಗೆಗಳ ಮಾತು. ಅವ್ವ ಹೋದ ಮೇಲೆ ತುಪ್ಪದನ್ನ ನಿಂತಿತು. ನಿಂತ ಮೇಲೆ ಕಾಗೆಗಳು ಸುಮ್ಮನಿರುತ್ತವೆಯೇ? ಮಲ್ಲಿಗೆ ಬಳ್ಳಿಯಲ್ಲಿ ಪಿಕಳಾರ ಜೋಡಿ ಕಟ್ಟಿದ್ದ ಗೂಡಿಗೆ ನುಗ್ಗಿ ಮರಿಗಳನ್ನು ಎತ್ತಿಕೊಂಡು ಹೋದವು. ರಾಯರು ಆ ಮರಿಗಳು ಮೊಟ್ಟೆ ಒಡೆದು ಬಂದಾಗಿನಿಂದ ಫೋಟೋ ತೆಗೆಯುತ್ತ ಬಂದಿದ್ದರು, ರೆಕ್ಕೆ ಬಲಿತು ಹಾರುವುದೊಂದು ಬಾಕಿಯಿತ್ತು. ಅವತ್ತೇ ಹೋಗಿ ಒಂದು ಗುಲೇಲು ತಂದರು, ರಬ್ಬರು ಕಟ್ಟಿದ ಕವೆಗೋಲು. ಮರೆಯಲ್ಲಿ ಕೂಡುವುದು ಹೇಗೂ ಬಿಟ್ಟುಹೋಗಿತ್ತು. ಅಲ್ಲಿಯವರೆಗೆ ನಡೆದು ಬಂದು ವಾಪಸು ಹೋಗುವವರು ಯಾರಿದ್ದರು? ನೀಲಾಳನ್ನು ಒಮ್ಮೆ ಕೇಳಿದಾಗ, "ಒಲಿ ಮ್ಯಾಲ ಹಾಲು ಅದ, ಹಕ್ಕಿಗೆ ಲೆಕ್ಕಾ ಆಮ್ಯಾಲ ಕಲಸೂಣ" ಅಂದಿದ್ದಳು. ಹಾಗಾಗಿ ರಾಯರು ವರಾಂಡದಲ್ಲೇ ಕುರ್ಚಿ ಹಾಕಿಕೊಂಡು, ತೊಡೆಯ ಮೇಲೆ ಕ್ಯಾಮೆರಾ, ಕೈಯಲ್ಲಿ ಗುಲೇಲು ಹಿಡಿದು ವರ್ಷವಿಡೀ ಕಾಗೆಗಳ ಜೊತೆ ಯುದ್ಧ ಮಾಡಿದರು. ಕಲ್ಲು ಒಂದಕ್ಕೂ ತಾಗಲಿಲ್ಲ, ಆ ಕೈಗುಣ ಅವರಿಗಿರಲಿಲ್ಲ. ಆದರೆ ಕಾಗೆಗೆ ಮುಖ ಮರೆಯುವುದಿಲ್ಲ. ರಾಯರು ಹಾಲಿನ ಪಾಕೆಟ್ಟು ತರಲು ಹೊರಬಿದ್ದರೂ ಬೀದಿಯ ಕಾಗೆಗಳೆಲ್ಲ ಒಂದಕ್ಕೊಂದು ಕೂಗಿ ಹೇಳುತ್ತಿದ್ದವು. ಹಿತ್ತಿಲು ಮಾತ್ರ ಸ್ವಚ್ಛವಾಯಿತು. ಈಗ ಮಾಡಿದ್ದುಣ್ಣೋ ಮಹಾರಾಯ.

ಬಿಸಿಲು ಹಿತ್ತಿಲಿನ ಗೋಡೆ ದಾಟಿ ಎಲೆಯ ಅಂಚಿಗೆ ಬಂತು. ಅನ್ನದ ಮೇಲಿನ ತುಪ್ಪ ಕರಗಿ ಹರಿಯಿತು. ಪುರೋಹಿತರಾದ ಆಚಾರ್ಯರು ಗಡಿಯಾರ ನೋಡಿಕೊಂಡರು. ಅವರಿಗೆ ಸಂಜೆ ಮಲ್ಕಾಜಗಿರಿಯಲ್ಲಿ ಇನ್ನೊಂದು ಮನೆಯ ಪೌರೋಹಿತ್ಯವಿತ್ತು.

"ಅವ್ವನ ಮನಸಿನ್ಯಾಗ ಏನೋ ಉಳದದ" ಎಂದಳು ಅಂಬುಬಾಯಿ. ಎಲೆಯ ಮುಂದೆ ಬಂದು ಕೈ ಜೋಡಿಸಿದಳು. "ಅವ್ವಾ, ನಿನಗ ಮಂತ್ರಾಲಯಕ್ಕ ಹೋಗೂ ಆಶಾ ಇತ್ತು. ನಾ ಹೋಗಿ ನಿನ್ನ ಹೆಸರಲೆ ಸೇವಾ ಮಾಡಸತೀನಿ. ಬಾರವ್ವಾ."

ಬೇವಿನ ಮರದಲ್ಲಿ ಒಂದು ಕಾಗೆ ರೆಕ್ಕೆ ಕೊಡವಿತು. ಎಲ್ಲರೂ ಕತ್ತೆತ್ತಿದರು. ಅದು ಕೊಂಬೆ ಬದಲಿಸಿ ಕೂತಿತು.

"ಅತ್ತಿ, ನಿಮ್ಮ ತುಳಸಿ ಒಣಗಿಸಿದ್ದು ನಾನ" ಎಂದಳು ನೀಲಾ ಸಣ್ಣ ದನಿಯಲ್ಲಿ. "ಹೊಸಾದು ಹಚ್ಚತೀನಿ. ದಿನಾ ನೀರು ಹಾಕತೀನಿ." ಅದಕ್ಕೂ ಏನೂ ಆಗಲಿಲ್ಲ. ನೀಲಾಳ ಕಣ್ಣಲ್ಲಿ ನೀರು ನಿಂತಿತು. ಅತ್ತೆ ಸೊಸೆಗೆ ಆಗದ ಮನೆಯೇನೂ ಅಲ್ಲ ಅದು, ಆದರೂ ಇಂಥ ಹೊತ್ತಿನಲ್ಲಿ ಎಲ್ಲರಿಗೂ ತಮ್ಮ ತಮ್ಮ ತಪ್ಪೇ ದೊಡ್ಡದಾಗಿ ಕಾಣುತ್ತದೆ.

ಆಚಾರ್ಯರು ಗಂಟಲು ಸರಿಮಾಡಿಕೊಂಡರು. "ಶಾಸ್ತ್ರದಾಗ ದಾರಿ ಅದರಿ ರಾಯರ. ಕಾಗಿ ಬರಲಿಲ್ಲಾಂದ್ರ ದರ್ಭಿಲೇ ಒಂದು ಕಾಗಿ ಮಾಡಿ ಮುಟ್ಟಸಬೇಕು. ಪಟ್ಟಣದಾಗ ಈಗ ಭಾಳ ಮಂದಿ ಹಂಗ ಮಾಡತಾರ." ಅಂದವರೇ ಎರಡು ದರ್ಭೆ ಮಡಚಿ ಗಂಟು ಹಾಕತೊಡಗಿದರು.

"ಹುಲ್ಲಿನ ಕಾಗಿ ಬ್ಯಾಡ!" ಅಂಬುಬಾಯಿ ಸಿಡಿದಳು. "ಜೀವ ಇರೂ ತನಕ ಅವ್ವ ದಿನಾ ಕಾಗಿಗೆ ಉಣಿಸಿ ಉಂಡಾಳ. ಆಕಿಗೆ ಹುಲ್ಲು ಮುಟ್ಟಸತೀರೇನು? ಬರೂ ತನಕ ನಾ ಇಲ್ಲೇ ನಿಂದರತೀನಿ. ನೀವು ಬೇಕಾದರ ಹೋಗರಿ."

ರಾಯರಿಗೆ ಇನ್ನು ತಡೆಯಲಾಗಲಿಲ್ಲ. ಅಕ್ಕನ ತುಟಿ ಒಡೆದಿತ್ತು, ಕಾಲು ನಡುಗುತ್ತಿತ್ತು. ತಮ್ಮದಲ್ಲದ ತಪ್ಪಿಗೆ ಈ ಇಬ್ಬರು ಹೆಂಗಸರು ಹರಕೆ ಹೊರುತ್ತಿದ್ದಾರೆ, ತಾನು ಕಂಬದ ಹಾಗೆ ನಿಂತಿದ್ದೇನೆ.

"ಅಕ್ಕಾ, ಅವ್ವನ ಮನಸಿನ್ಯಾಗ ಏನೂ ಇಲ್ಲ" ಎಂದರು. "ಕಾಗಿ ನನ್ನ ಸಲುವಾಗಿ ಬರವಲ್ಲವು. ಒಂದು ವರ್ಷ ಅವನ್ನ ಕಲ್ಲಿಲೇ ಹೊಡದೀನಿ. ನನ್ನ ಮಾರಿ ಗುರುತು ಹಿಡದಾವ. ನಾ ಇಲ್ಲಿ ನಿಂತಿರೂ ತನಕ ಅವು ಇಳಿಯಂಗಿಲ್ಲ."

ಅಂಬುಬಾಯಿ ತಮ್ಮನನ್ನು ನೋಡಿದಳು, ಮರ ನೋಡಿದಳು, ಮತ್ತೆ ತಮ್ಮನನ್ನು ನೋಡಿದಳು. ಬೈಯುತ್ತಾಳೆಂದು ರಾಯರು ಕಾದರು. ಬೈದಿದ್ದರೆ ಹಗುರಾಗುತ್ತಿತ್ತು.

"ಹಂಗಂದರ ನಾ ಹೇಳಿದ್ದು ಬ್ಯಾರೆ, ನೀ ಹೇಳಿದ್ದು ಬ್ಯಾರೆ ಏನೋ?" ಎಂದಳು ಮೆತ್ತಗೆ. "ಅವ್ವ ಬರವಲ್ಲಳು. ನಿನ್ನ ಸಲುವಾಗಿ."

ರಾಯರು ತಲೆ ತಗ್ಗಿಸಿದರು. ಅವರು ಹೇಳಿದ್ದು ಹಕ್ಕಿಯ ಶಾಸ್ತ್ರ, ಅಕ್ಕ ಹೇಳಿದ್ದು ಮನೆಯ ಶಾಸ್ತ್ರ. ಎರಡೂ ತಿರುಗಿ ಬಂದು ಅವರ ಕಡೆಗೇ ಬೆರಳು ತೋರಿಸಿದವು. ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳೋಣವೆಂದರೆ, ಶ್ರಾದ್ಧ ಮಾಡುವ ಕರ್ತೃ ಎಡೆ ಬಿಟ್ಟು ಹೋಗುವಂತಿಲ್ಲ ಎಂದು ಆಚಾರ್ಯರು ಮೊದಲೇ ಹೇಳಿದ್ದರು. ಹೋಗಬಾರದು, ಕಾಣಲೂಬಾರದು. ಹಿತ್ತಿಲನ್ನೆಲ್ಲ ಹುಡುಕಿದ ರಾಯರ ಕಣ್ಣು ಪೇರಲ ಗಿಡದ ಕೆಳಗೆ ನಿಂತಿತು. ಬಿಸಿಲಿಗೆ ಬಣ್ಣ ಹೋಗಿ, ಮಳೆಗೆ ಜೋಲುಬಿದ್ದು, ಅವ್ವನ ಸೀರೆಯ ಮರೆ ಅಲ್ಲೇ ಇತ್ತು. ಅದರೊಳಗಿಂದ ಅವರು ಎಂದೂ ಕಲ್ಲು ಹೊಡೆದಿರಲಿಲ್ಲ.

"ಅಕ್ಕಾ, ನನ್ನ ಜೋಡಿ ಅಲ್ಲಿ ತನಕ ಬರತೀಯೇನು? ನಾ ಒಳಗ ಕೂಡತೀನಿ. ನೀ ಒಬ್ಬಾಕಿನ ಹೊಳ್ಳಿ ಬಾ. ಇಬ್ಬರು ಹೋಗಿ ಒಬ್ಬರು ಬಂದರ ಹಕ್ಕಿಗೆ ತಿಳಿಯಂಗಿಲ್ಲ."

"ಮಡಿಯಾಗ ಅದರಾಗ ಕೂಡತೀ?" ಎಂದು ಅಂಬುಬಾಯಿ ರೂಢಿಯಂತೆ ಬಾಯಿ ತೆರೆದಳು. ಆಮೇಲೆ ಸೀರೆಯ ಅಂಚಿನ ಹೊಲಿಗೆ ಕಂಡಿತು. "ಇರಲಿ. ಅವ್ವನ ಸೀರಿಗೆ ಎಂಥಾ ಮೈಲಿಗಿ. ನಡಿ."

ಇಬ್ಬರೂ ನಡೆದರು. ನೀಲಾ, ಆಚಾರ್ಯರು ಬಾಗಿಲೊಳಗೆ ಸರಿದರು. ರಾಯರು ಬಗ್ಗಿ ಒಳಗೆ ಹೋಗಿ ನೆಲದ ಮೇಲೆ ಕೂತರು. ಅಂಬುಬಾಯಿ ಸೀರೆಯ ಬಾಯಿ ಮುಚ್ಚಿದಳು, ಯಾರೂ ಹೇಳಿಕೊಡದಿದ್ದರೂ ಗಟ್ಟಿಯಾಗಿ ಒಮ್ಮೆ ಕೆಮ್ಮಿದಳು. ಹೊರಟಳು.

ಕ್ಯಾಮೆರಾ ಇವತ್ತು ಇರಲಿಲ್ಲ. ಅದರ ಚೀಲ ಚರ್ಮದ್ದು, ಶ್ರಾದ್ಧದ ದಿನ ಅಲ್ಮಾರಿಯ ಮೇಲಿತ್ತು. ಲೆನ್ಸಿಗೆಂದು ಬಿಟ್ಟ ತೂತಿಗೆ ರಾಯರು ಬರಿಗಣ್ಣು ಇಟ್ಟರು. ಅಕ್ಕನ ಬೆನ್ನು ಕಂಡಿತು. ಅವಳು ಎಡಗಾಲು ಸ್ವಲ್ಪ ಎಳೆದು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ನೆಲ ನೋಡುತ್ತ ನಡೆಯುತ್ತಿದ್ದಳು. ಅದು ಅವ್ವನ ನಡಿಗೆ. ಎಷ್ಟು ಭಾನುವಾರ ಅವ್ವ ಹೀಗೇ ಈ ತೂತಿನ ಎದುರಿಂದ ನಡೆದು ಹೋಗಿದ್ದಳು! ಒಮ್ಮೆಯಾದರೂ ತಾನು ನೋಡಿದ್ದೆನೇ? ಅವಳು ಬೆನ್ನು ತಿರುಗಿಸುವುದೇ ತಡ, ರಾಯರು ಲೆನ್ಸಿನ ಧೂಳು ಒರೆಸುವುದರಲ್ಲಿ, ಬೆಳಕು ಅಳೆಯುವುದರಲ್ಲಿ ಮುಳುಗಿರುತ್ತಿದ್ದರು. ಅವಳು ಹೋಗುವುದು ಅವರ ಕೆಲಸದ ಒಂದು ಭಾಗವಾಗಿತ್ತು ಅಷ್ಟೇ.

ಅಂಬುಬಾಯಿ ಮನೆ ಮುಟ್ಟಲಿಲ್ಲ. ನಲ್ಲಿಯ ಹತ್ತಿರ ಬರುತ್ತಲೇ ಕಾಲು ಸೋತಿತು. ಉಪವಾಸದ ಜೀವ, ಮೇಲೆ ಬಿಸಿಲು. ಒಗೆಯುವ ಕಲ್ಲಿಗೆ ಕೈಕೊಟ್ಟು ಅದರ ಮೇಲೆ ಕುಸಿದು ಕೂತಳು. ಎಲೆ ಅವಳ ಕಾಲ ಮುಂದೆಯೇ ಇತ್ತು. ಬೇವಿನ ಮರದಿಂದ ಒಂದು ಕಾಗೆ ಗೋಡೆಯ ಮೇಲೆ ಇಳಿಯಿತು. ಅಲ್ಲೇ ನಿಂತಿತು. ಬಾಗಿಲ ಸಂದಿಯಿಂದ ನೀಲಾ ಕೈ ಬೀಸಿ, ಏಳಿ, ಒಳಗೆ ಬನ್ನಿ ಎಂದು ಸನ್ನೆ ಮಾಡತೊಡಗಿದಳು. ಇನ್ನೇನು, ಕೈಗೆ ಬಂದ ತುತ್ತು ಬಾಯಿಗೆ ಬರುವುದಿಲ್ಲ.

ಅಂಬುಬಾಯಿಗೂ ತಿಳಿಯಿತು. ತಲೆ ಅಲುಗಿಸದೆ, ಮರೆಯ ಕಡೆ ನೋಡದೆ ಪಿಸುಗುಟ್ಟಿದಳು: "ರಾಮೂ, ನಾ ಬಾಜೂಕ ಸರೀಲೇನೋ? ಅವ್ವ ಹೇಳತಿದ್ದಳು, ಇಲ್ಲಿ ಕೂತರ ನಿನಗ ಅಡ್ಡ ಆಗತದಂತ."

ಅವ್ವ ಹೇಳುತ್ತಿದ್ದಳಂತೆ. ಗುಲಬರ್ಗಾಕ್ಕೆ ಹೋದಾಗ ಮಗಳ ಮುಂದೆ ಹೇಳಿದ್ದಳು. ನಗುತ್ತಲೇ ಹೇಳಿರಬೇಕು, ಅವಳು ಹೇಳುವುದೇ ಹಾಗೆ. ಆದರೆ ಮರೆತಿರಲಿಲ್ಲ. ರಾಯರ ಬಾಯಿಗೆ ಹಳೆಯ ಮಾತು ಬಂದೇ ಬಂತು. ಅಕ್ಕ ಸರಿದರೆ ಕಾಗೆ ಇಳಿಯುತ್ತದೆ, ಅವಳ ಊಟವೂ ಆಗುತ್ತದೆ, ಎಲ್ಲ ಸುಸೂತ್ರ. ವರ್ಷಗಟ್ಟಲೆ ಹಕ್ಕಿ ಕಾದ ಬುದ್ಧಿ ಅದನ್ನೇ ಹೇಳುತ್ತಿತ್ತು.

"ಬ್ಯಾಡ" ಎಂದರು ರಾಯರು. ಮತ್ತೆ ಅಂದರು: "ಸರೀಬ್ಯಾಡ. ಅಲ್ಲೇ ಕೂಡು."

"ಕಾಗಿ ಬರದಿದ್ದರ?"

"ಬರದಿದ್ದರ ಬ್ಯಾಡ. ನೀ ಅಲ್ಲೇ ಕೂಡು."

ಅಂಬುಬಾಯಿ ಕೂತಳು. ತೊಡೆಯ ಮೇಲೆ ಕೈ ಮಡಚಿಟ್ಟು, ನಲ್ಲಿಯಿಂದ ತೊಟ್ಟಿಕ್ಕುವ ನೀರು ನೋಡುತ್ತ ಕೂತಳು. ಗೋಡೆಯ ಮೇಲಿನ ಕಾಗೆ ಕತ್ತು ಆ ಕಡೆ ಈ ಕಡೆ ತಿರುಗಿಸಿತು. ಕಲ್ಲಿನ ಮೇಲೆ ಕೂತ ಹೆಂಗಸನ್ನು ನೋಡಿತು. ಅದಕ್ಕೆ ಕಲ್ಲು ಹೊಡೆದವನ ಮುಖ ಮಾತ್ರವಲ್ಲ, ಅನ್ನ ಇಟ್ಟವಳು ಕೂಡುವ ಜಾಗವೂ ನೆನಪಿತ್ತೆಂದು ಕಾಣುತ್ತದೆ. ಒಂದು ಸಲ ಕರೆಯಿತು. ಆಮೇಲೆ ನೇರ ಹಾರಿ ಬಂದು ಅವಳ ಕಾಲ ಬಳಿ ಇಳಿದು, ಎರಡು ಕುಪ್ಪಳಿಕೆ ಹಾಕಿ, ಅನ್ನ ಬಿಟ್ಟು ವಡೆಗೆ ಬಾಯಿ ಹಾಕಿತು.

"ಅವ್ವಾ!" ಎಂದಳು ಅಂಬುಬಾಯಿ. ಅಳುತ್ತಿದ್ದಳು, ನಗುತ್ತಲೂ ಇದ್ದಳು. "ನೋಡೋ ರಾಮೂ, ಪಾಯಸಾ ಇಲ್ಲ, ಅನ್ನ ಇಲ್ಲ, ಮೊದಲ ವಡಿ! ಥೇಟ ಅವ್ವ!"

ಬೇವಿನ ಮರ ಒಮ್ಮೆಗೇ ಖಾಲಿಯಾಯಿತು. ಎಲೆಯ ಸುತ್ತ ರೆಕ್ಕೆಗಳ ಗದ್ದಲ ಎದ್ದಿತು. ನಡುವೆ ಕಲ್ಲಿನ ಮೇಲೆ ಅಂಬುಬಾಯಿ ಅಲುಗದೆ ಕೂತಿದ್ದಳು. ಅಂಥ ಬೆಳಕು, ಅಂಥ ಜಾಗ, ಅಂಥ ನೋಟ ಆ ತೂತಿನಿಂದ ರಾಯರಿಗೆ ಹಿಂದೆಂದೂ ಸಿಕ್ಕಿರಲಿಲ್ಲ. ಸಿಕ್ಕಿತ್ತು, ಪ್ರತಿ ಭಾನುವಾರ ಸಿಕ್ಕಿತ್ತು. ಅವರೇ ಬೇಡವೆಂದಿದ್ದರು.

"ಹೊರಗ ಬರ್ರೀ, ಕಾಗಿ ಮುಟ್ಟಿತು! ಊಟಕ್ಕ ಏಳ್ರಿ!" ಎಂದು ನೀಲಾ ಬಾಗಿಲಿನಿಂದ ಕೂಗಿದಳು. ಆಚಾರ್ಯರು ಅರ್ಧ ಕಟ್ಟಿದ ದರ್ಭೆಯ ಕಾಗೆಯನ್ನು ಬಿಚ್ಚಿ ಚೀಲಕ್ಕೆ ಹಾಕಿಕೊಂಡರು.

"ಬಂದೆ" ಎಂದರು ರಾಯರು. ಆದರೆ ಏಳಲಿಲ್ಲ. ಮುಖವೆಲ್ಲ ಒದ್ದೆಯಾಗಿತ್ತು, ಹೆಗಲ ಮೇಲೆ ಒರೆಸಿಕೊಳ್ಳಲು ಏನೂ ಇರಲಿಲ್ಲ. ಕೈಗೆ ಸಿಕ್ಕಿದ್ದು ಎದುರಿಗಿದ್ದ ಸೀರೆ. ಸಣ್ಣವರಿದ್ದಾಗ ಮಾಡುತ್ತಿದ್ದಂತೆ ಅದರ ಅಂಚು ಎಳೆದುಕೊಂಡು ರಾಯರು ಮುಖ ಒರೆಸಿಕೊಂಡರು.